ಮೆಲುಕು ಹಾಕದ ಕೆಂಚಿ

ಎಮ್ಮೆ ಮಾರಿದ್ದಕ್ಕೆ ಬಂದದ್ದು ಎಪ್ಪತ್ತೆರಡು ಸಾವಿರ. ಅದರಲ್ಲಿ ಐವತ್ತೈದು ಕುದುರೆಗೆ ಹೋಯಿತು. ಹಳೆಯ ಜೀನು, ಲಗಾಮು, ಕಾಲಿಡುವ ರಿಕಾಬು ಸೇರಿ ಒಂಬತ್ತು. ಮೆರವಣಿಗೆಯಲ್ಲಿ ಬೆನ್ನಿಗೆ ಹೊದಿಸುವ ಜರಿಯಂಚಿನ ಕೆಂಪು ಮಖಮಲ್ಲಿಗೆ ಮೂರೂವರೆ. ಬೋನಾಳದಿಂದ ಶಹಾಪುರಕ್ಕೆ ಟೆಂಪೊ ಬಾಡಿಗೆ ಎರಡು. ಮಿಕ್ಕಿದ್ದನ್ನು ಮಲ್ಲಿಕಮ್ಮ ಕಡಲೆ, ಹುಲ್ಲಿಗೆಂದು ಎತ್ತಿಟ್ಟಳು.

ಇದಕ್ಕೆ ಎದುರಾಗಿ ಇನ್ನೊಂದು ಲೆಕ್ಕ ಅವಳ ತಲೆಯಲ್ಲಿತ್ತು. ಹೋದ ವರ್ಷ ಯಾದಗಿರಿಯಲ್ಲಿ ತವರಿನವರ ಮದುವೆಗೆ ಕಲಬುರಗಿಯಿಂದ ಬಿಳಿ ಕುದುರೆ ತರಿಸಿದ್ದರು. ಒಂದು ಸಂಜೆಗೆ ಎಂಟು ಸಾವಿರ. ಪಟಾಕಿಯ ಸರ ಸಿಡಿದದ್ದೇ ತಡ, ಆ ಎತ್ತರದ ಕುದುರೆ ಮುಂಗಾಲೆತ್ತಿ ನಿಂತು ಮದುಮಗನನ್ನು ಬ್ಯಾಂಡಿನವನ ಡೋಲಿನ ಮೇಲೆ ಕೆಡವಿತು. ಬಾಸಿಂಗ ಹರಿದುಕೊಂಡ ಮದುಮಗನನ್ನು ಎಲ್ಲರೂ ಎತ್ತುತ್ತಿದ್ದಾಗ ಮಲ್ಲಿಕಮ್ಮ ಮಾತ್ರ ಕುದುರೆಯವನು ಬಾಡಿಗೆ ಎಣಿಸಿಕೊಳ್ಳುವುದನ್ನು ನೋಡುತ್ತ ನಿಂತಿದ್ದಳು. ಕೆಡವಿದರೂ ಎಂಟು ಸಾವಿರ ಕೊಡುತ್ತಾರೆಂದರೆ, ಕೆಡವದ ಕುದುರೆಗೆ ಊರೂರಿಂದ ಕರೆ ಬರಬೇಕು. ಆ ವಿಚಾರವನ್ನು ಅವಳು ಒಂದು ವರ್ಷ ಯಾರ ಮುಂದೆಯೂ ಬಾಯಿಬಿಡದೆ ಇಟ್ಟುಕೊಂಡಿದ್ದಳು.

ಮಲ್ಲಿಕಮ್ಮನದು ಶಹಾಪುರದ ಅಂಚಿನಲ್ಲಿ ಹಾಲಿನ ವ್ಯಾಪಾರ. ಗಂಡ ಭಾಗಣ್ಣ ದನದ ಸಂತೆಯಲ್ಲಿ ದಲಾಲಿ. ಸುತ್ತಿನ ಹಳ್ಳಿಯವರು ಎತ್ತು ಕೊಳ್ಳುವಾಗ ಅವನನ್ನು ಜೊತೆಗೆ ಕರೆದೊಯ್ದು, ಮೈಮೇಲಿನ ಸುಳಿ ನೋಡಿಸಿ, ಹಲ್ಲು ನೋಡಿಸಿ, ಆಮೇಲೆ ದುಡ್ಡು ಬಿಚ್ಚುತ್ತಿದ್ದರು. ಗಂಡಹೆಂಡತಿ ಇಬ್ಬರಿಗೂ ಕುದುರೆ ಸಾಕಿ ಗೊತ್ತಿರಲಿಲ್ಲ.

ಮಾರಿದವನು ಮರಿಲಿಂಗ, ಸುರಪುರದ ಕಡೆಯ ಕುರಿಗಾರ. ಭತ್ತದ ಕೊಯ್ಲು ಮುಗಿದ ಮೇಲೆ ಅವನ ಹಿಂಡು ಬೋನಾಳದ ಕೆರೆಯ ಆಚೆಗಿನ ಹೊಲಗಳಲ್ಲಿ ಬೀಡು ಬಿಡುತ್ತದೆ. ಬಿಡಾರದ ಸಾಮಾನು ಹೊರಲು ಎರಡು ಹೆಣ್ಣುಗುದುರೆಗಳಿದ್ದವು. ಈಗ ಒಂದರ ಕೆಲಸವನ್ನು ಗೂಡ್ಸ್ ಆಟೊ ಮಾಡುತ್ತಿದ್ದುದರಿಂದ ಅವುಗಳಲ್ಲಿ ಕೆಂಚಿ ಎಂಬುದನ್ನು ಕೊಡಲು ಮುಂದಾಗಿದ್ದ. ಮೈ ಕೆಂಪು, ಕತ್ತಿನ ಕೂದಲೂ ಬಾಲವೂ ಕಪ್ಪು. ಎತ್ತರ ಅಷ್ಟಕ್ಕಷ್ಟೆ.

ಭಾಗಣ್ಣ ಎತ್ತನ್ನು ನೋಡುವಂತೆಯೇ ನೋಡಿದ. ಮೊದಲು ಸುಳಿ ಹುಡುಕಿದ. ಆಮೇಲೆ ತುಟಿ ಎತ್ತಿ ಒಂದು ಹೆಜ್ಜೆ ಹಿಂದೆ ಸರಿದ.

"ಇದಕ್ಕ ಮ್ಯಾಲಿನ ಮುಂದಲ ಹಲ್ಲೂ ಅದಾವಲ್ಲೋ."

"ಕುದುರಿ ಅದು, ಅಣ್ಣ," ಎಂದ ಮರಿಲಿಂಗ. "ಎತ್ತಿನಂಗ ಕೆಳಗಷ್ಟ ಇರಂಗಿಲ್ಲ. ಐದ ವರ್ಷಕ್ಕ ಬಾಯಿ ತುಂಬತದ. ಆಮ್ಯಾಲ ಹಲ್ಲಿನ ತಲಿಮ್ಯಾಗಿನ ಕರಿ ಕುಳಿ ಸವಕೋತ ಹೋಗತಾವ. ಇಕಿಗಿ ಈಗ ಏಳು ನಡದದ."

ಭಾಗಣ್ಣ ತಿಳಿದವನಂತೆ ತಲೆಯಾಡಿಸಿ ಹಿಂದಕ್ಕೆ ಹೋದ. ಎತ್ತು ಹೇಗೆ ನಡೆಯುತ್ತದೆಂದು ನೋಡಲು ಬಾಲ ತಿರುವುವುದು ಅವನ ರೂಢಿ. ಬಾಲಕ್ಕೆ ಕೈ ಹಾಕುವಷ್ಟರಲ್ಲಿ ಮರಿಲಿಂಗ ಅವನ ಅಂಗಿ ಹಿಡಿದು ಎಳೆದ. ಹಿಂಗಾಲ ಗೊರಸು ಭಾಗಣ್ಣನ ಮೊಣಕಾಲಿನ ಪಕ್ಕದಲ್ಲಿ ಹಾದುಹೋಯಿತು.

"ಕುದುರಿ ಹತ್ರ ಎಡಕಿನಿಂದ ಬರಬೇಕು, ಮುಂದಿನಿಂದ, ಮಾತಾಡಿಕೋತ. ಕಳ್ಳನಂಗ ಹಿಂದಿನಿಂದ ಬಂದ್ರ ಹಿಂಗ ಆಗೂದು."

ಮಲ್ಲಿಕಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡು ಕೇಳಿದಳು, "ಏನು ತಿಂತಾಳಪ್ಪ?"

"ದಿನಾ ಮೇಯಾಕ ಬಿಡ್ರಿ. ಸಂಜಿಕ ಒಂದು ಬೊಗಸಿ ಕಡ್ಲಿ. ಹೆಚ್ಚಿಗಿ ಹಾಕಬ್ಯಾಡ್ರಿ." ಮರಿಲಿಂಗ ದುಡ್ಡಿನ ಗಂಟನ್ನು ಎಣಿಸದೆ ಚೀಲಕ್ಕೆ ಹಾಕಿದ. "ನಮ್ಮದು ಸಂತಿ ವಾಯಿದೆ ಅಕ್ಕ. ಮುಂದಿನ ಸಂತಿ ತನಕ ಈ ಗಂಟು ಬಿಚ್ಚಂಗಿಲ್ಲ. ಸರಿ ಬರಲಿಲ್ಲಂದ್ರ ಒಯ್ದಂಗ ತಂದು ನಿಲ್ಲಸ್ರಿ, ಇದ್ದಂಗ ಕೊಡತೀನಿ. ಸಂತಿ ದಾಟಿತಂದ್ರ ನೀವಾತು, ಕೆಂಚಿ ಆತು."

ಶಹಾಪುರದಲ್ಲಿ ಕೆಂಚಿಯನ್ನು ನೋಡಲು ಓಣಿಯೇ ಬಂತು. ಭಾಗಣ್ಣ ಫೋನಿನಲ್ಲಿ ಯಾವುದೋ ಚಿತ್ರ ತೆಗೆದು, ಇದು ಮಾರವಾಡಿ ತಳಿ, ರಾಜಸ್ಥಾನದ್ದು, ರಾಜರು ಏರುತ್ತಿದ್ದದ್ದು ಎಂದು ಬಂದವರಿಗೆಲ್ಲ ಹೇಳಿದ. ಕೆಂಚಿ ಆ ಮಾತಿಗೆಲ್ಲ ಬೆನ್ನು ಮಾಡಿ ಎಮ್ಮೆಗಳ ಮುಂದಿನ ಜೋಳದ ಕಣಿಕೆಯನ್ನು ಕದ್ದು ತಿನ್ನುತ್ತಿತ್ತು.

ಎರಡನೆಯ ದಿನಕ್ಕೆ ಭಾಗಣ್ಣನ ಮುಖ ಸಣ್ಣಗಾಯಿತು.

"ಮಲ್ಲಿಕವ್ವ, ಇದು ಮೆಲುಕು ಹಾಕವಲ್ದು."

ಮಲ್ಲಿಕಮ್ಮನೂ ಅದನ್ನು ಗಮನಿಸಿದ್ದಳು. ದನ ಕಟ್ಟಿದ ಮನೆಯಲ್ಲಿ ಬೆಳಿಗ್ಗೆ ಎದ್ದು ಮೊದಲು ನೋಡುವುದು ಅದನ್ನೇ. ಎಮ್ಮೆ ಮಲಗಿ ದವಡೆ ಆಡಿಸುತ್ತಿದ್ದರೆ ಎಲ್ಲ ಸರಿ. ಆಡಿಸದಿದ್ದರೆ ಡಾಕ್ಟರಿಗೆ ಫೋನು. ಕೆಂಚಿ ದವಡೆ ಆಡಿಸುವುದು ಹೋಗಲಿ, ಮಲಗಿದ್ದನ್ನೇ ಯಾರೂ ಕಂಡಿರಲಿಲ್ಲ. ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಒಂದು ಹಿಂಗಾಲು ಸಡಿಲಬಿಟ್ಟು ನಿಂತಲ್ಲೇ ಕಣ್ಣು ಮುಚ್ಚುತ್ತಿತ್ತು.

"ಹುಲ್ಲು ತಿಂತಾಳ, ನೀರು ಕುಡಿತಾಳ, ಲದ್ದಿ ಚಲೋ ಹಾಕ್ಯಾಳ," ಎಂದಳು ಮಲ್ಲಿಕಮ್ಮ. "ಮೈ ಬಿಸಿ ಇಲ್ಲ. ನೋಡೂಣು ತಡೀರಿ."

"ನೋಡಿಕೋತ ಕುಂತ್ರ ಸಂತಿ ದಾಟತದ. ನಿಂತ ನಿಂತ ಸೊರಗಾಕತ್ತದ ಅದು."

ಭಾಗಣ್ಣ ಕೆಟ್ಟವನಲ್ಲ. ಎಮ್ಮೆ ಮೆಲುಕು ಬಿಟ್ಟರೆ ಅವನ ಕೈಮದ್ದು ಊರಿಗೇ ಗೊತ್ತಿತ್ತು: ನೆನೆಸಿದ ಹತ್ತಿಕಾಳು, ಜೋಳದ ಹಿಟ್ಟಿನ ಗಂಜಿ, ಮೇಲೆ ಒಂದು ಮುಷ್ಟಿ ಬೆಲ್ಲ. ಮರುದಿನ ಹೆಂಡತಿ ಹಾಲು ಹಾಕಲು ಹೋದಾಗ ಅದನ್ನೇ ಬಕೆಟ್ ತುಂಬ ಕಲಸಿ ಕೆಂಚಿಯ ಮುಂದಿಟ್ಟ. ಕೆಂಚಿ ಬಕೆಟ್ಟಿನ ತಳ ನೆಕ್ಕಿತು. ಅವನು ಇನ್ನೊಂದು ಬಕೆಟ್ ಕಲಸಿದ.

ಮಲ್ಲಿಕಮ್ಮ ಮರಳುವಾಗ ಹೊತ್ತು ನೆತ್ತಿಗೇರಿತ್ತು. ಕೆಂಚಿ ಮುಂಗಾಲಿನಿಂದ ನೆಲ ಕೆರೆಯುತ್ತಿತ್ತು. ಮತ್ತೆ ಮತ್ತೆ ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿತ್ತು. ಮೈಯೆಲ್ಲ ಬೆವರು. ನೋಡುತ್ತಿದ್ದಂತೆ ಮೊಣಕಾಲೂರಿ ಮಲಗಿತು.

"ಮಕ್ಕೊಂತು ನೋಡು, ಮಕ್ಕೊಂತು," ಎಂದ ಭಾಗಣ್ಣ ಸಂತೋಷದಿಂದ. ಮರುಗಳಿಗೆ ಕೆಂಚಿ ನಾಲ್ಕೂ ಕಾಲು ಮೇಲೆತ್ತಿ ಹೊರಳಾಡಿತು.

ಮರಿಲಿಂಗನ ಫೋನು ಹತ್ತಲಿಲ್ಲ. ಪಶು ಡಾಕ್ಟರಮ್ಮ ಹಳ್ಳಿಯೊಂದರಲ್ಲಿ ಲಸಿಕೆ ಹಾಕುತ್ತಿದ್ದರು. ಆದಷ್ಟು ಬೇಗ ಬರುತ್ತೇನೆ ಎಂದರು. ಆಗ ಮಲ್ಲಿಕಮ್ಮನಿಗೆ ಸರದಾರಸಾಬ ನೆನಪಾದ. ಯಾದಗಿರಿಯಲ್ಲಿ ಅವಳ ತವರಿನ ಓಣಿಯವನು. ಹರೆಯದಲ್ಲಿ ಹೈದರಾಬಾದಿನ ಒಂದು ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವನು, ಆಮೇಲೆ ಸ್ಟೇಷನ್ನಿನ ಮುಂದೆ ಟಾಂಗಾ ಹೊಡೆದವನು. ಟಾಂಗಾ ಹೋಗಿ ಆಟೊ ಬಂದರೂ ಅವನ ಮಾತಿನಿಂದ ಕುದುರೆ ಹೋಗಿರಲಿಲ್ಲ.

"ಸರದಾರಣ್ಣ, ಕುದುರಿ ಹೊಳ್ಳ್ಯಾಡಾಕತ್ತದ."

"ಏನು ತಿನ್ನಿಸಿದಿ?"

ಅವಳು ಗಂಡನ ಕಡೆ ನೋಡಿದಳು. ಭಾಗಣ್ಣ ಬಕೆಟ್ ತೋರಿಸಿದ. ಅವಳು ಹೇಳಿದಳು.

"ತಂಗಿ, ಕುದುರಿಗಿ ಒಂದ ಹೊಟ್ಟಿ. ನಿನ್ನ ಎಮ್ಮಿಯಂಗ ನಾಕು ಖಾನೆ ಇಲ್ಲ. ಮೆಲುಕಿಲ್ಲ. ವಾಂತಿನೂ ಆಗಂಗಿಲ್ಲ. ಒಳಗ ಹೋದದ್ದು ಹಿಂದಿನಿಂದನ ಬರಬೇಕು, ಇಲ್ಲಾಂದ್ರ ಜೀವ ಹೋಗತದ. ಎಬ್ಬಸು. ಹೊರಳಿದ್ರ ಕರಳು ತಿರಚತದ. ಕಡ್ಡಿ ಹುಲ್ಲು ಹಾಕಬ್ಯಾಡ. ಮೆಲ್ಲಕ ನಡೆಸು. ಲದ್ದಿ ಬೀಳೂತನಕ ನಡೆಸು. ಡಾಕ್ಟರು ಬಂದ್ರ ಅವರು ಹೇಳಿದಂಗ ಕೇಳು."

ಭಾಗಣ್ಣ ಹಿಂದೆ ನಿಂತು ಚಪ್ಪಾಳೆ ತಟ್ಟಿದ, ಮಲ್ಲಿಕಮ್ಮ ಹಗ್ಗ ಎಳೆದಳು. ಕೆಂಚಿ ನರಳಿ ಎದ್ದಿತು. ಹತ್ತಿ ಬಿಡಿಸಿದ ಹೊಲದ ಬದುವಿನಲ್ಲಿ ಅವಳು ಅದನ್ನು ಆ ತುದಿಯಿಂದ ಈ ತುದಿಗೆ ನಡೆಸಿದಳು. ಕಾಲು ಮಡಚಿದಾಗಲೆಲ್ಲ ಹೆಗಲು ಕೊಟ್ಟು ತಡೆದಳು. "ನಡಿಯವ್ವ, ನಡಿ ನನ್ನ ತಾಯಿ," ಎನ್ನುತ್ತಿದ್ದಳು. ಮಾರಿದ ಎಮ್ಮೆಯನ್ನು ನೆನೆಸಬಾರದೆಂದುಕೊಂಡಷ್ಟೂ ಅದರ ಮುಖವೇ ಕಣ್ಣ ಮುಂದೆ ಬರುತ್ತಿತ್ತು. ಇದ್ದದ್ದರಲ್ಲಿ ಹೆಚ್ಚು ಹಾಲಿನದು ಅದೇ. ಅದನ್ನು ಕೊಟ್ಟು ತಂದ ಜೀವ ಈಗ ಹಗ್ಗದ ತುದಿಯಲ್ಲಿ ನಡುಗುತ್ತಿತ್ತು.

ಡಾಕ್ಟರಮ್ಮ ಬಂದು ನೋವಿಗೆ ಸೂಜಿ ಹಾಕಿ, ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿದರು. ಬೈಯಲಿಲ್ಲ. "ನಡೆಸಿದ್ದು ಚಲೋ ಆತು. ಇನ್ನಷ್ಟು ನಡೆಸ್ರಿ," ಎಂದಷ್ಟೇ ಹೇಳಿ ಬದುವಿನ ಮೇಲೆ ಕೂತರು.

ಹೊತ್ತು ಇಳಿಯುವಾಗ ಕೆಂಚಿ ನಿಂತಿತು, ಬಾಲ ಎತ್ತಿತು. ಲದ್ದಿ ಬಿತ್ತು. ಮಲ್ಲಿಕಮ್ಮ ಅಲ್ಲೇ ನೆಲದ ಮೇಲೆ ಕೂತು ಅದನ್ನೇ ನೋಡಿದಳು. ಭಾಗಣ್ಣ ಹೋಗಿ ಆ ಬಕೆಟ್ಟನ್ನು ತೊಳೆದು ತೊಳೆದು ಬೋರಲು ಹಾಕಿದ. ಆ ಸಂಜೆ ಅವನು ಯಾರಿಗೂ ಯಾವ ತಳಿಯ ಹೆಸರನ್ನೂ ಹೇಳಲಿಲ್ಲ.

ಮರುದಿನ ಸರದಾರಸಾಬ ಬಸ್ಸಿನಲ್ಲಿ ಬಂದಿಳಿದ. ಕೆಂಚಿಯನ್ನು ಸುತ್ತುಹಾಕಿ ನೋಡಿ, ಬೇವಿನ ಕೆಳಗೆ ಕುರ್ಚಿ ಹಾಕಿಸಿಕೊಂಡ.

"ಇದು ಮಾರವಾಡಿ ಅಂತ ಯಾರ ಅಂದವರು?"

ಭಾಗಣ್ಣ ಎಮ್ಮೆಯ ಹಗ್ಗ ಸರಿಮಾಡತೊಡಗಿದ.

"ಮಾರವಾಡಿ ಕಿವಿ ನಿಂತ್ರ ಎರಡು ಕುಡಗೋಲು ತುದಿ ಕೂಡಿಸಿದಂಗ ಇರತಾವ. ಕಾಠೇವಾಡಿ ಗುಜರಾತಿಂದು, ಅದರ ಕಿವಿನೂ ಹಂಗ, ಮಾರಿ ಸಣ್ಣದು, ಹಣಿ ಅಗಲ. ಸಿಂಧಿ ಕುದುರಿ ನಡದ್ರ ಮ್ಯಾಲ ಕುಂತವನ ಕೈಯಾಗಿನ ಚಹಾ ಚೆಲ್ಲಂಗಿಲ್ಲ. ಮಣಿಪುರದ್ದು ಗಿಡ್ಡದು, ಪೋಲೋ ಆಡೂದು. ಸ್ಪಿತಿ, ಝನ್ಸ್ಕಾರಿ ಅಂತ ಬರ್ಫದ ಗುಡ್ಡದಾಗ ಹೊರಿ ಹೊರೂವು. ಅವನ್ನ ನಾನೂ ಫೋಟೊದಾಗ ನೋಡೀನಿ, ಸುಳ್ಳು ಯಾಕ ಹೇಳಲಿ."

"ಹಂಗಾದ್ರ ನಮ್ಮದು?" ಎಂದಳು ಮಲ್ಲಿಕಮ್ಮ.

"ನಿನ್ನದು ಭೀಮಥಡಿ. ನಿನ್ನ ತವರಿನ ಮುಂದ ಹರಿಯೂ ಭೀಮಾ ಹೊಳಿ, ಅದರ ದಂಡಿ ಕುದುರಿ. ಮಹಾರಾಷ್ಟ್ರದ ಕಡಿಂದ ಹಿಡದು ಇಲ್ಲಿತನ ಕುರಿಗಾರರ ಹಿಂದ ತಿರಗೂ ತಟ್ಟು. ಬಣ್ಣ ಕುಮ್ಮೇತ. ಮೈ ಕೆಂಪು, ಬಾಲ ಕರಿ ಇದ್ರ ಹಂಗಂತೀವಿ."

ಅವನು ಎದ್ದು ಮುಂಗಾಲ ಗೊರಸಿನಿಂದ ಅಂಗೈಗಳನ್ನು ಒಂದರ ಮೇಲೊಂದು ಅಡ್ಡಲಾಗಿಡುತ್ತ ಮೇಲಕ್ಕೆ ಅಳೆದ. ಕತ್ತು ಮುಗಿದು ಬೆನ್ನು ಶುರುವಾಗುವ ದಿಬ್ಬದ ಹತ್ತಿರ ನಿಲ್ಲಿಸಿದ. "ಕುದುರಿ ಎತ್ತರ ತಲಿಗಿ ಅಳಿಯಂಗಿಲ್ಲ, ಇಲ್ಲಿಗಿ ಅಳೀತಾರ. ಹದಿಮೂರು ಅಂಗೈಗೂ ಕಮ್ಮಿ. ಮದಿವಿ ಕುದುರಿ ಅಂದ್ರ ಹದಿನೈದಾದ್ರೂ ಬೇಕು, ಬೆಳ್ಳಗ ಹಾಲಿನಂಗ ಬೇಕು. ಇದರ ಮ್ಯಾಲ ಮದುಮಗನ್ನ ಕುಂದರಿಸಿದ್ರ ಅವನ ಕಾಲು ರಸ್ತಾ ಕಸ ಹೊಡೀತಾವ. ವಾಯಿದೆ ಇನ್ನೂ ಅದ. ಹೊಳ್ಳಿ ಮುಟ್ಟಿಸಿಬಿಡು ತಂಗಿ."

"ನಾನೂ ಅದನ್ನ ಅನ್ನಾಕತ್ತೀನಿ," ಎಂದ ಭಾಗಣ್ಣ. "ಹೊಟ್ಟಿ ಬ್ಯಾನಿ ಸುದ್ದಿ ಎತ್ತದ ಬ್ಯಾಡ. ಈಗ ಆರಾಮ ಅದಲ್ಲ."

"ಒಯ್ದಂಗ ತಂದು ನಿಲ್ಲಸ್ರಿ ಅಂದಾನ ಅಂವ. ನಾವು ಕೆಡಸಿ ಒಯ್ಯಾಕತ್ತೀವಿ," ಎಂದಳು ಮಲ್ಲಿಕಮ್ಮ. "ಹೇಳೇ ಒಯ್ಯೂದು. ಅಂವ ದುಡ್ಡು ಮುರಕೊಂಡ್ರ ಮುರಕೊಳ್ಳಿ."

ಸಂತೆಯ ದಿನ ಬೆಳಿಗ್ಗೆ ಟೆಂಪೊಗೆ ಮತ್ತೆ ಎರಡು ಸಾವಿರ ಸುರಿಯಲು ಮನಸ್ಸಾಗದೆ ಅವಳು ಕೆಂಚಿಯ ಹಗ್ಗ ಹಿಡಿದು ಸುರಪುರದ ದಾರಿಗೆ ನಡೆದಳು. ಭಾಗಣ್ಣ ಮೊಪೆಡ್ಡಿನಲ್ಲಿ ಬುತ್ತಿ, ನೀರು, ಜೀನು ಕಟ್ಟಿಕೊಂಡು ಹಿಂದೆ ಬಂದ. ಅರ್ಧ ದಾರಿಗೆ ಅವಳ ಚಪ್ಪಲಿ ಕಡಿಯತೊಡಗಿತು.

"ಮೊಪೆಡ್ ಹತ್ತು," ಎಂದ ಭಾಗಣ್ಣ.

"ಕುದುರಿ ಯಾರು ಹಿಡೀತಾರ, ನೀವಾ? ಬಾಲ ತಿರುವಿ ನಡಸ್ತೀರೇನು?"

ಅವಳು ಜೀನು ಬಿಗಿಸಿ, ಕೆಂಚಿಯನ್ನು ಸೇತುವೆಯ ಕಟ್ಟೆಯ ಪಕ್ಕ ನಿಲ್ಲಿಸಿ, ಎಡಗಡೆಯಿಂದ ರಿಕಾಬಿಗೆ ಕಾಲಿಟ್ಟು ಹತ್ತಿದಳು. ಸೀರೆ ಸರಿಮಾಡಿಕೊಳ್ಳುವಷ್ಟರಲ್ಲಿ ಕೆಂಚಿ ನಡೆಯತೊಡಗಿತ್ತು. ಎದುರಿಗೆ ಬಂದ ಬಸ್ಸಿನ ಕಿಟಕಿಗಳಿಂದ ಜನ ನೋಡಿದರು. ಭಾಗಣ್ಣ ತಾನು ಅವಳ ಜೊತೆಗಾರನೇ ಅಲ್ಲವೆಂಬಂತೆ ತುಸು ಹಿಂದುಳಿದ.

ಹತ್ತಿ ತುಂಬಿದ ಲಾರಿಗಳು ಹಾರ್ನ್ ಬಾರಿಸುತ್ತ ಮೈಗೆ ತಾಗುವಂತೆ ಹೋದವು. ಕೆಂಚಿ ಒಂದು ಕಿವಿ ಮಾತ್ರ ಆ ಕಡೆ ತಿರುಗಿಸುತ್ತಿತ್ತು. ಸುರಪುರ ಹತ್ತಿರವಾದಾಗ ದಾರಿಯ ತುಂಬ ಮದುವೆಯ ಮೆರವಣಿಗೆ ಎದುರಾಯಿತು. ಮದುಮಗ ತೆರೆದ ಜೀಪಿನಲ್ಲಿದ್ದ. ಮುಂದೆ ಡಿಜೆ, ಅದರ ಮುಂದೆ ಬ್ಯಾಂಡು. ಯಾರೋ ಪಟಾಕಿ ಸರಕ್ಕೆ ಕಡ್ಡಿ ಗೀರಿದರು. ತಿರುಗಲು ಜಾಗವಿರಲಿಲ್ಲ.

"ಇಳಿ, ಇಳಿ," ಎಂದು ಭಾಗಣ್ಣ ಕೂಗಿದ. ಡೋಲಿನವನು ಕುದುರೆ ಕಂಡವನೇ ತನ್ನ ಡೋಲನ್ನು ಎತ್ತಿಕೊಂಡು ಚರಂಡಿಯ ಆಚೆಗೆ ದಾಟಿದ. ಅವನಿಗೂ ಹಳೆಯ ಅನುಭವವಿದ್ದಿರಬೇಕು.

ಮಲ್ಲಿಕಮ್ಮ ಕತ್ತಿನ ಕೂದಲು ಹಿಡಿದು ಕಣ್ಣು ಮುಚ್ಚಿದಳು. ಸರ ಪೂರ್ತಿ ಸಿಡಿಯಿತು. ಅವಳು ಬೀಳಲಿಲ್ಲ. ಕಣ್ಣು ಬಿಟ್ಟಾಗ ಕೆಂಚಿ ರಸ್ತೆಯ ಬದಿಗೆ ಸರಿದು, ಒಂದು ಹಿಂಗಾಲು ಸಡಿಲಬಿಟ್ಟು, ಬೇವಿನ ಕೆಳಗೆ ನಿಲ್ಲುವಂತೆಯೇ ನಿಂತಿತ್ತು. ಹೊಗೆ ಕರಗಿದ ಮೇಲೆ ಒಮ್ಮೆ ಸೀನಿ ತಾನಾಗಿಯೇ ನಡೆಯಿತು. ಆಮೇಲೆ ಬೋನಾಳದವರೆಗೆ ಮಲ್ಲಿಕಮ್ಮ ಕೆಂಚಿಯ ಕಿವಿಗಳನ್ನೇ ನೋಡುತ್ತ ಕೂತಿದ್ದಳು.

ಮರಿಲಿಂಗನಿಗೆ ಅವಳು ಇದ್ದದ್ದನ್ನು ಇದ್ದಂತೆ ಹೇಳಿದಳು. ಎರಡು ಬಕೆಟ್, ಹತ್ತಿಕಾಳು, ಹೊರಳಿದ್ದು, ಸೂಜಿ, ಕೊಳವೆ. ಅವನು ಕೆಂಚಿಯ ಪಕ್ಕೆಗೆ ಕಿವಿಯಿಟ್ಟು ಕೇಳಿದ.

"ಹೊಟ್ಟಿ ಗುಳುಗುಳು ಅನ್ನಾಕತ್ತದ. ಅಂದ್ರ ಪಾಡ ಆಗ್ಯಾಳ. ನೀವು ಹೇಳದಿದ್ರ ನನಗ ಗೊತ್ತ ಆಗತಿದ್ದಿಲ್ಲ." ಅವನು ಬಿಡಾರದೊಳಗೆ ಹೋಗಿ ದುಡ್ಡಿನ ಗಂಟು ತಂದು ಅವಳ ಮುಂದಿಟ್ಟ. ಅವಳು ಕಟ್ಟಿದ ದಾರವೇ ಅದರ ಮೇಲಿತ್ತು. "ತಗೋರಿ. ಮಾತು ಅಂದ್ರ ಮಾತು."

ಮಲ್ಲಿಕಮ್ಮ ಗಂಟನ್ನು ಮುಟ್ಟಲಿಲ್ಲ. "ಪಟಾಕಿಗಿ ಇಕಿ ಯಾಕ ಅಂಜಂಗಿಲ್ಲಪ್ಪ?"

"ಅಂಜಾಕ ಪುರಸೊತ್ತು ಎಲ್ಲದ ಅಕಿಗಿ? ಹೆದ್ದಾರಿ ಬಾಜೂಕ ಹುಟ್ಟ್ಯಾಳ. ಲಾರಿ, ಟ್ರ್ಯಾಕ್ಟರ್, ನಾಯಿ, ಜಾತ್ರಿ, ಎಲ್ಲಾದರ ನಡುವ ನಮ್ಮ ಹಿಂದ ತಿರಗ್ಯಾಳ. ಬೆನ್ನಿನ ಎರಡೂ ಕಡಿ ಚೀಲದಾಗ ಆಗಷ್ಟ ಹುಟ್ಟಿದ ಕುರಿಮರಿ ಇಟ್ಟಿರತೀವಿ. ಮರಿ ಇದ್ದಾಗ ಬಡದ್ರೂ ದುಡಕಿ ಓಡಂಗಿಲ್ಲ, ಹೆಜ್ಜಿ ಹೆಜ್ಜಿ ಇಡತಾಳ. ಖಾಲಿ ಇದ್ದಾಗ ನೋಡ್ರಿ ನಾಗಾಲೋಟ."

ಕೆರೆಯ ಮೇಲೆ ಹಕ್ಕಿಗಳ ಹಿಂಡೊಂದು ಎದ್ದು ಮತ್ತೆ ಕೂತಿತು. ಮಲ್ಲಿಕಮ್ಮ ಗಂಟನ್ನು ಮರಿಲಿಂಗನ ಕಡೆಗೆ ಸರಿಸಿದಳು.

"ಬಿಚ್ಚಿ ಎಣಸ್ಕೊ. ಸಂತಿ ದಾಟಿತು ಅಂತ ತಿಳಿ."

"ಬಣ್ಣ ಬೆಳ್ಳಗಿಲ್ಲ, ಎತ್ತರ ಇಲ್ಲ ಅಂದಾನಲ್ಲ ಸರದಾರಸಾಬ," ಎಂದ ಭಾಗಣ್ಣ ಮೆಲ್ಲನೆ.

"ಕುದುರಿ ಬಣ್ಣಕ್ಕ ಯಾವ ಮದುಮಗನೂ ಬಿದ್ದಿಲ್ಲರಿ. ಸಪ್ಪಳಕ್ಕ ಬಿದ್ದಾರ."

ಮೊದಲ ಕರೆ ಯಾದಗಿರಿಯಿಂದಲೇ ಬಂತು. ಹೋದ ವರ್ಷ ಡೋಲಿನ ಮೇಲೆ ಬಿದ್ದವನ ತಮ್ಮ ಲಕ್ಷ್ಮಿಕಾಂತ, ಸೈದಾಪುರದಲ್ಲಿ ಮಾಸ್ತರ. ಅಣ್ಣ ಬಿದ್ದದ್ದನ್ನು ಕಂಡವನು ಕುದುರೆಯೇ ಬೇಡವೆಂದು ಹಟ ಹಿಡಿದಿದ್ದ. ಕೆಂಚಿಯ ಗಿಡ್ಡ ನಿಲುವು ಕಂಡ ಮೇಲೆ, ಬಿದ್ದರೂ ಬಹಳ ದೂರ ಬೀಳುವುದಿಲ್ಲ ಎಂದು ಒಪ್ಪಿದ. ಅವನ ತಾಯಿ ಮಾತ್ರ ಮುಖ ಸಿಂಡರಿಸಿದಳು. "ಬಿಳೇದು ಸಿಗಲಿಲ್ಲೇನ ನಿನಗ, ಮಲ್ಲಿಕವ್ವ?"

ಸರದಾರಸಾಬ ಗೊರಸಿಗೆ ಹೊಸ ನಾಲು ಹೊಡೆಸಿ, ಕತ್ತಿನ ಕೂದಲನ್ನು ತಾನೇ ಹೆಣೆದು, ಮಖಮಲ್ಲು ಹೊದಿಸಿದ. ಲಕ್ಷ್ಮಿಕಾಂತ ಏರಿದ ಮೇಲೆ ಅವನ ಕಾಲು ನಿಜಕ್ಕೂ ಬಹಳ ಕೆಳಗೆ ಇಳಿಬಿದ್ದವು.

"ಮಾಸ್ತರ್ರ, ಕಾಲು ಮಡಚ್ರಿ, ಹೊಸ ರಸ್ತಾ ಕಿತ್ತು ಬಂದೀತು," ಎಂದು ಗೆಳೆಯರು ನಕ್ಕರು. ಅಷ್ಟರಲ್ಲಿ ಅವನ ಅಕ್ಕ ತನ್ನ ಪುಟ್ಟ ಮಗಳನ್ನು ಎತ್ತಿ ಅವನ ಮುಂದೆ ಕೂರಿಸಿದಳು. ಮಗುವಿನ ಭಾರ ಬಿದ್ದದ್ದೇ ಕೆಂಚಿಯ ನಡಿಗೆ ಇನ್ನೂ ನಿಧಾನವಾಯಿತು. ಮಲ್ಲಿಕಮ್ಮ ಹಗ್ಗ ಹಿಡಿದು ಪಕ್ಕದಲ್ಲಿದ್ದಳು. ಅವಳೊಬ್ಬಳಿಗೇ ಅದು ತಿಳಿಯಿತು. ಸ್ಟೇಷನ್ ರಸ್ತೆಯಲ್ಲಿ ಪಟಾಕಿ ಸಿಡಿದಾಗ ಲಕ್ಷ್ಮಿಕಾಂತ ಎರಡೂ ಕೈಯಲ್ಲಿ ಜೀನು ಅವಚಿಕೊಂಡ. ಕೆಂಚಿ ನಿಂತಿತು, ಸರ ಮುಗಿಯುವವರೆಗೆ ಕಾದಿತು, ನಡೆಯಿತು. ಮಗು "ಇನ್ನೊಂದು ಹಚ್ರಿ" ಎಂದಿತು.

"ಹ್ಯಾಂಗ ಸರದಾರಣ್ಣ?" ಎಂದಳು ಮಲ್ಲಿಕಮ್ಮ.

"ಇನ್ನೆರಡು ಅಂಗೈ ಎತ್ತರ ಇದ್ದಿದ್ರ ಛಂದ ಇರತಿತ್ತು," ಎಂದ ಸರದಾರಸಾಬ. ಆದರೆ ಕಲ್ಯಾಣಮಂಟಪದವರೆಗೂ ಹಗ್ಗದ ಇನ್ನೊಂದು ಕಡೆ ಬಿಡಲಿಲ್ಲ.

ಆ ಹಂಗಾಮಿನಲ್ಲಿ ಕೆಂಚಿಗೆ ಒಂಬತ್ತು ಮದುವೆ ಸಿಕ್ಕವು, ಒಂದಕ್ಕೆ ನಾಲ್ಕು ಸಾವಿರದಂತೆ. ಬಿಳಿ ಕುದುರೆಯೇ ಬೇಕೆಂದವರು ಕಲಬುರಗಿಗೇ ಫೋನು ಮಾಡಿದರು. ಹೆಚ್ಚು ಹಾಲಿನ ಎಮ್ಮೆ ಹೋಯಿತು. ಅದರ ಹಾಲು ಹೋಗುತ್ತಿದ್ದ ಮನೆಗಳು ಬೇರೆಯವರ ಕಡೆ ಹೋದವು. ಕುದುರೆಗೆ ಹಾಕಿದ ದುಡ್ಡು ಇನ್ನೂ ಪೂರ್ತಿ ಮರಳಿಲ್ಲ, ಬರುವ ಹಂಗಾಮಿಗೆ ಮರಳಬೇಕು. ಭಾಗಣ್ಣ ಈಗ ಎಡಗಡೆಯಿಂದ, ಮಾತಾಡುತ್ತ ಬಂದು, ಒಂದೇ ಬೊಗಸೆ ಕಡಲೆ ಹಾಕುತ್ತಾನೆ. ಒಂಬತ್ತು ಮದುಮಕ್ಕಳಲ್ಲಿ ಒಬ್ಬನೂ ಬಿದ್ದಿಲ್ಲ.